ಊಹೂಂ

'ನಾಲ್ಕನೇ ಆನೆಯ ಬಕಲ್ ಕಚ್ಚುತ್ತಿಲ್ಲ. ನಾಳೆ ಖಂಡಿತ ಹೇಳಬೇಕು' ಎಂದು ಗುರುವಾರ ಡೈರಿಯಲ್ಲಿ ಬರೆದುಕೊಂಡಿದ್ದಳು ಕವನಾ. ಶುಕ್ರವಾರವೂ ಅದನ್ನೇ ಬರೆದಳು. ಶನಿವಾರ ಇನ್ನೊಂದು ಸಾಲು ಸೇರಿತು: 'ಹೇಳಲು ಹೋದೆ. ಸಂಪತ್ಕುಮಾರ್ ಸರ್ ಫೋನಿನಲ್ಲಿದ್ದರು. ವಾಪಸ್ ಬಂದೆ.' ಪಾರ್ಕಿನ ಮ್ಯಾನೇಜರಾದ ಅವರು ಫೋನು ಇಟ್ಟ ಮೇಲೂ ಐದು ನಿಮಿಷ ಅವರ ಕೋಣೆಯ ಬಾಗಿಲ ಹೊರಗೆ ನಿಂತೇ ಇದ್ದದ್ದನ್ನು ಮಾತ್ರ ಡೈರಿಗೂ ಹೇಳಿರಲಿಲ್ಲ.

ಈಗ ಭಾನುವಾರ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಆ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಟ್ಟ ಮಕ್ಕಳ ಆನೆ ಸವಾರಿಯ ಸಾಲು ಟಿಕೆಟ್ ಕಿಟಕಿಯವರೆಗೂ ಬೆಳೆದಿತ್ತು. ನಡುವೆ ಒಂದು ಕಂಬ, ಸುತ್ತ ಎಂಟು ಫೈಬರ್ ಆನೆಗಳು. ಸ್ವಿಚ್ಚು ಒತ್ತಿದರೆ ಸುತ್ತುತ್ತ ಸುತ್ತುತ್ತ ಒಂದೂವರೆ ಆಳೆತ್ತರಕ್ಕೆ ಏರುತ್ತವೆ. ಮಕ್ಕಳನ್ನು ಕೂರಿಸಿ ಬೆಲ್ಟು ಹಾಕುವುದು ಕವನಾಳ ಕೆಲಸ. ಸ್ವಿಚ್ಚು ಗೊರೂರಿನ ಚೆನ್ನಯ್ಯನದು. ಅವನು ಗಾಜಿನ ಗೂಡಿನಿಂದ "ಆಯ್ತೇನವ್ವಾ?" ಎಂದು ಕೂಗಬೇಕು, ಇವಳು "ಆಯ್ತು" ಎಂದು ಕೂಗಬೇಕು. ಕೆಲಸಕ್ಕೆ ಸೇರಿ ಎರಡು ತಿಂಗಳಾದರೂ ಇವಳು ಕೂಗಿದ್ದೇ ಇಲ್ಲ. ಬರೀ "ಹೂಂ".

"ಡಿಗ್ರಿ ಮಾಡಿವ್ಳೆ ಕಣಪ್ಪಾ, ಬಾಯ್ ಬಿಟ್ರೆ ಮುತ್ತು ಉದ್ರೋಯ್ತವೆ ಅಂತ ಮುಚ್ಕೊಂಡವ್ಳೆ" ಎಂದು ಚೆನ್ನಯ್ಯ ಟಿಕೆಟ್ ಕಿಟಕಿಯವನ ಜೊತೆ ನಗುತ್ತಿದ್ದ.

ಮೂರು ದಿನದಿಂದ ಕವನಾ ನಾಲ್ಕನೇ ಆನೆಯನ್ನು ಸುಮ್ಮನೆ ಖಾಲಿ ಬಿಡುತ್ತಿದ್ದಳು. ಹೇಳುವುದಕ್ಕಿಂತ ಅದು ಸುಲಭ. ಇವತ್ತು ಎಂಟನೆಯದರ ಬೆಲ್ಟು ಹಾಕಿ ತಿರುಗುವಷ್ಟರಲ್ಲಿ, ಚನ್ನರಾಯಪಟ್ಟಣದ ಕಡೆಯ ಅಜ್ಜಿಯೊಬ್ಬಳು ಮೊಮ್ಮಗಳನ್ನು ತಾನೇ ಎತ್ತಿ ಅದರ ಮೇಲೆ ಕೂರಿಸಿಬಿಟ್ಟಿದ್ದಳು.

"ಖಾಲಿ ಐತಲ್ಲಾ ಮಗಾ, ಒಂದ್ಗಂಟೆಯಿಂದ ನಿಂತೀವಿ" ಎನ್ನುತ್ತ ಅಜ್ಜಿ ಕಂಬಿಯಾಚೆ ಹೋಗಿ ನಿಂತಳು. "ಶೋಭಿತಾ, ಗಟ್ಟಿಯಾಗ್ ಇಡ್ಕೋ!"

ಕವನಾ ಓಡಿ ಬಂದು ಬೆಲ್ಟು ಎಳೆದಳು. ಬಕಲ್ 'ಟಕ್' ಎನ್ನಲಿಲ್ಲ. ಮತ್ತೊಮ್ಮೆ ಒತ್ತಿದಳು, ಸಡಿಲಾಗಿ ಬಿಚ್ಚಿಕೊಂಡಿತು. ಶೋಭಿತಾಗೆ ನಾಲ್ಕು ವರ್ಷವಿದ್ದೀತು. ಆನೆಯ ಕಿವಿ ಹಿಡಿದು ಕುಣಿಯುತ್ತಿದ್ದಳು.

"ಆಯ್ತೇನವ್ವಾ?"

"ಊಹೂಂ" ಎಂದಳು ಕವನಾ, ಬಕಲ್ ಮೇಲೆ ಬಗ್ಗಿದಂತೆಯೇ.

ಗೂಡಿನ ಮೇಲೆ ಸ್ಪೀಕರು ಅರಚುತ್ತಿತ್ತು. ಮೊದಲ 'ಊ' ಹಾಡಿನಲ್ಲಿ ಮುಳುಗಿತು. ಚೆನ್ನಯ್ಯನ ಕಿವಿಗೆ ದಿನಾ ಬೀಳುವಷ್ಟೇ ಬಿತ್ತು. ಆನೆಗಳು ಹೊರಟವು, ಬೆಲ್ಟಿನ ತುದಿ ಕವನಾಳ ಕೈಯಿಂದ ಜಾರಿತು.

ನಿಲ್ಲಿಸಿ ಎನ್ನಲು ಬಾಯಿ ತೆರೆದಳು. ಬಂದದ್ದು ಬರೀ ಉಸಿರು. ಎರಡೂ ಕೈ ಮೇಲೆತ್ತಿಕೊಂಡು ನಾಲ್ಕನೇ ಆನೆಯ ಪಕ್ಕದಲ್ಲೇ ಓಡತೊಡಗಿದಳು. ಆನೆ ಎದೆಯ ಮಟ್ಟಕ್ಕೆ ಬಂತು, ತಲೆಯ ಮಟ್ಟಕ್ಕೆ ಬಂತು, ಕೈಗೆ ಸಿಗದಷ್ಟು ಮೇಲೆ ಹೋಯಿತು. "ಅಕ್ಕ ಓಡ್ತಾವ್ರೆ ನೋಡ್ರೋ!" ಎಂದು ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು. ಇದೂ ಆಟವೇ ಎಂದುಕೊಂಡು ದೊಡ್ಡವರೂ ನಕ್ಕರು. ಅಜ್ಜಿಯೂ ನಕ್ಕು ಕೈ ಬೀಸಿದಳು. ಅಜ್ಜಿಗೆ ಟಾಟಾ ಮಾಡಲು ಶೋಭಿತಾ ಆನೆಯ ಮೇಲೆ ಎದ್ದು ನಿಂತಳು. ಎರಡನೇ ಸುತ್ತಿಗೆ ಕವನಾಳ ಚಪ್ಪಲಿ ಕಳಚಿಹೋಯಿತು. ಮೂರನೇ ಸುತ್ತಿಗೆ, ಆನೆಯ ಹೊಟ್ಟೆಯ ಕೆಳಗೆ ಜೋತಾಡುತ್ತಿದ್ದ ಬೆಲ್ಟು ಅಜ್ಜಿಯ ಕಣ್ಣಿಗೆ ಬಿತ್ತು.

"ಅಯ್ಯೋ ನನ್ ಕೂಸೇ! ನಿಲ್ಸ್ಲಾ! ನಿಲ್ಸೋ ಮುಂಡೇದೇ!"

ಆ ಒಂದು ಕೂಗಿಗೆ ಚೆನ್ನಯ್ಯನ ಕೈ ಸ್ವಿಚ್ಚಿನ ಮೇಲೆ ಬಿತ್ತು. ಆನೆಗಳು ಮೆಲ್ಲಗೆ, ಬಲು ಮೆಲ್ಲಗೆ ಇಳಿದವು. ಇನ್ನೂ ನೆಲ ಮುಟ್ಟುವ ಮೊದಲೇ ಶೋಭಿತಾ ಮುಗ್ಗರಿಸಿ ಕವನಾಳ ತೋಳಿಗೆ ಬಿದ್ದಳು.

ಸಂಪತ್ಕುಮಾರ್ ಓಡಿ ಬಂದವರೇ ಮೊದಲು ಹಾಡು ನಿಲ್ಲಿಸಿದರು.

"ನಾನ್ ಕೇಳ್ದೆ ಸಾ" ಎಂದ ಚೆನ್ನಯ್ಯ. "ಆಯ್ತಾ ಅಂದೆ, ಊಂ ಅಂದ್ಲು. ಕೇಳಿ ಬೇಕಾದ್ರೆ."

ಸಂಪತ್ಕುಮಾರ್ ಸಾಲಿನತ್ತ ಒಮ್ಮೆ ನೋಡಿದರು. ಆಗಲೇ ಮೂರು ನಾಲ್ಕು ಫೋನುಗಳು ಮೇಲೆದ್ದಿದ್ದವು. ದನಿ ತಗ್ಗಿಸಿದರು. "ನೋಡಿಯಮ್ಮಾ, ನಮ್ಮ ಹುಡುಗಿ ಬೆಲ್ಟ್ ಹಾಕಿದ್ದಾಳೆ. ಮಗುನೇ ಬಿಚ್ಕೊಂಡಿದೆ. ಮಕ್ಕಳ ಕೈ ಸುಮ್ಮನಿರುತ್ತಾ?"

ಅಜ್ಜಿಯ ಹೆದರಿಕೆಗೆ ಹೊರಬೀಳಲು ಒಂದು ದಾರಿ ಸಿಕ್ಕಿತು. ಮೊಮ್ಮಗಳ ಬೆನ್ನಿಗೆ ಒಂದು ಬಾರಿಸಿದಳು. "ಯಾಕೆ ಬಿಚ್ದೆ? ಬಿದ್ದು ಸತ್ತೋಗಿದ್ರೆ ನಿಮ್ಮಪ್ಪಂಗೆ ಏನಂತ ಯೋಳ್ಲಿ ನಾನು?"

"ನಾನ್ ಬಿಚ್ಚಿಲ್ಲ ಅಜ್ಜೀ!"

"ಸುಳ್ ಬ್ಯಾರೆ!" ಕೈ ಮತ್ತೆ ಮೇಲೆದ್ದಿತು. ಮಗು ಬಂದು ಕವನಾಳ ಚೂಡಿದಾರದ ಹಿಂದೆ ಅಡಗಿ, ಅದರ ತುದಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿತು.

"ಬೆಲ್ಟ್ ಹಾಕಿತ್ತು ತಾನೇ ಕವನಾ?" ಸಂಪತ್ಕುಮಾರ್ ತಾವೇ ತಲೆಯಾಡಿಸಿ ತೋರಿಸಿದರು. "ಒಂದ್ಸಲ ಹೂಂ ಅನ್ನು, ಸಾಕು."

ಹೂಂ ಎನ್ನುವುದು ಅವಳಿಗೆ ಎಷ್ಟು ಸಲೀಸು. ತುಟಿ ಕೂಡ ತೆರೆಯಬೇಕಿಲ್ಲ.

"ಇಲ್ಲ" ಎಂದಳು ಕವನಾ. ಹಾಡು ನಿಂತಿದ್ದ ಪಾರ್ಕಿನಲ್ಲಿ ಅದು ಟಿಕೆಟ್ ಕಿಟಕಿಯವರೆಗೂ ಕೇಳಿಸಿತು. "ಆ ಬೆಲ್ಟು ಗುರುವಾರದಿಂದ ಕೆಟ್ಟಿದೆ. ನಂಗೆ ಗೊತ್ತಿತ್ತು."