ಹೊಸ ಗ್ರಹದ ಮೊದಲ ಹೆಜ್ಜೆ

“ಹೆಜ್ಜೆ ಎಲ್ಲಿ?” ಎಂದು ನಿರ್ದೇಶಕ ಕೂಗಿದಾಗ ಗುಡಿಸುವಾಕೆ ಸ್ಟುಡಿಯೋ ಬಾಗಿಲಲ್ಲಿ ಪೊರಕೆ ಕೊಡವುತ್ತಿದ್ದಳು.

“ಯಾವ ಹೆಜ್ಜೆ ಸಾರ್?”

“ನಿನ್ನೆ ಹೀರೋ ಇಟ್ಟಿದ್ದು! ಈ ಕೆಂಪು ಪುಡಿ ಮೇಲೆ!”

“ಓ, ಅದಾ? ಯಾರೋ ಬರಿಗಾಲಲ್ಲಿ ತುಳಿದು ಹಾಳು ಮಾಡಿದ್ರು. ನಾನೇ ನೀಟಾಗಿ ಗುಡಿಸಿ ಸಮ ಮಾಡಿದೀನಿ.”

ಏಳು ಸಮುದ್ರ ದಾಟುವ ರಾಜಕುಮಾರನ ಹಾಗೆ ಏಳು ನಕ್ಷತ್ರ ದಾಟಿ ಬಂದ ನಾಯಕ, ಬೂಟು ಕಳಚಿ, ಹೊಸ ಗ್ರಹದ ಮೇಲೆ ಇಟ್ಟ ಮನುಷ್ಯಕುಲದ ಮೊದಲ ಹೆಜ್ಜೆ ಅದು. ಧಾರಾವಾಹಿಯ ಕೊನೆಯ ಕಂತಿನ ಕೊನೆಯ ದೃಶ್ಯ. ಆ ಹೆಜ್ಜೆಯನ್ನು ಹತ್ತಿರದಿಂದ ಚಿತ್ರೀಕರಿಸುವುದೊಂದೇ ಬಾಕಿಯಿತ್ತು. ನಾಯಕ ಬೆಳಗಿನ ವಿಮಾನ ಹತ್ತಿ ಹೋಗಿಯಾಗಿತ್ತು.

ನಿರ್ದೇಶಕ ತನ್ನದೇ ಬೂಟು ಕಿತ್ತೆಸೆದು ಪುಡಿಯ ಮೇಲೆ ಕಾಲಿಟ್ಟ. ಕ್ಯಾಮೆರಾದವನು ಕಣ್ಣಿಟ್ಟು ನೋಡಿ, “ಬೇಜಾರು ಮಾಡ್ಕೋಬೇಡಿ ಸಾರ್. ಬಾತುಕೋಳಿ ಬಂದು ಹೋದ ಹಾಗಿದೆ” ಎಂದ.

“ಹದಿನಾರು ವರ್ಷದಿಂದ ಇಲ್ಲೇ ಇದೀರಿ, ಇಷ್ಟೂ ಗೊತ್ತಾಗಲ್ವಾ?” ನಿರ್ದೇಶಕನ ಸಿಟ್ಟೆಲ್ಲ ಗುಡಿಸುವಾಕೆಯ ಕಡೆ ತಿರುಗಿತು. “ನಾಳೆಯಿಂದ ಬರ್ಬೇಡಿ.”

ಅವಳ ಮಗ ಕೆಲಸಕ್ಕಿದ್ದ ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದೇ ಈ ಪೊರಕೆಯಿಂದ. “ಹಾಗನ್ಬೇಡಿ ಸಾರ್, ಈಗ್ಲೇ ಸರಿ ಮಾಡ್ತೀನಿ” ಎನ್ನುತ್ತ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಓಡಿ ಬಂದಳು. ಎಷ್ಟೇ ಅವಸರವಿದ್ದರೂ ಅವಳು ಸೆಟ್ಟಿನೊಳಗೆ ಚಪ್ಪಲಿ ಮೆಟ್ಟಿದವಳಲ್ಲ.

“ಅಲ್ಲೇ ನಿಲ್ಲಿ!” ಕ್ಯಾಮೆರಾದವನು ಚೀರಿದ. “ಹಾಂ, ಈಗ ಕಾಲೆತ್ತಿ. ಮೆಲ್ಲಗಮ್ಮಾ, ಮೆಲ್ಲಗೆ... ಸಾರ್, ಇಲ್ನೋಡಿ.”

ನುಣುಪಾದ ಕೆಂಪು ಪುಡಿಯಲ್ಲಿ ಅಗಲವಾದ ಹೆಜ್ಜೆಯೊಂದು ಮೂಡಿತ್ತು. ಹಿಮ್ಮಡಿಯ ಒಂದೊಂದು ಬಿರುಕೂ ಬತ್ತಿದ ಹೊಳೆಯ ಹಾಗೆ ಅಚ್ಚೊತ್ತಿತ್ತು.

ನಿರ್ದೇಶಕ ಮಂಡಿಯೂರಿ ಕೂತ. “ಏಳು ನಕ್ಷತ್ರ ದಾಟಿ ಬಂದವನ ಕಾಲು ಅಂದ್ರೆ ಇದು! ಅಮ್ಮಾ, ಇದನ್ನ ಯಾರ ಹತ್ರನೂ ಬಾಯಿ ಬಿಡ್ಬೇಡಿ. ನಾಳೆ ಮಾಮೂಲಿ ಹೊತ್ತಿಗೆ ಬನ್ನಿ.”

ಕೊನೆಯ ಕಂತು ಪ್ರಸಾರವಾದ ದಿನ ಗುಡಿಸುವಾಕೆಯ ಸೊಸೆ ಟೀವಿ ಮುಂದೆ ಕೂತು ಕಣ್ಣೊರೆಸಿಕೊಂಡಳು. “ನೋಡಿ ಅತ್ತೆ, ಪಾಪ, ಹೀರೋ ಹಿಮ್ಮಡಿ ಹೇಗೆ ಒಡೆದು ಹೋಗಿದೆ! ಅವರ ಮನೇಲಿ ಒಂದು ಚೂರು ಮುಲಾಮು ಹಚ್ಚೋರೂ ಇಲ್ವಾ?”

ಅತ್ತೆ ಚಾಚಿದ್ದ ಕಾಲುಗಳನ್ನು ಸದ್ದಿಲ್ಲದೆ ಕಂಬಳಿಯೊಳಗೆ ಎಳೆದುಕೊಂಡಳು.