ಹವಲ್ದಾರನ ಗಂಟಲು

ನಾಯಿಗಳು ಮಾತು ಕಲಿತು ಆರು ವರ್ಷವಾಗಿತ್ತು. ಬೊಗಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಧಾರವಾಡದಲ್ಲಿ ಬಟ್ಟೆ ಹೊಲಿಯುವ ಕಸ್ತೂರೆವ್ವನ ನಾಯಿ ಹವಲ್ದಾರ ದಿನವಿಡೀ ಬೊಗಳಿ ಗಂಟಲು ಕೆಡಿಸಿಕೊಂಡಿತ್ತು. ಅವಳು ಅದನ್ನು ದನದ ಡಾಕ್ಟರು ನದಾಫರ ಬಳಿ ಕರೆದೊಯ್ದಳು.

ಡಾಕ್ಟರು ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, “ಗಂಟಲಾ ಪೂರಾ ಬಾತೈತಿ. ಯಾಕಪಾ ಇಷ್ಟು ಬೊಗಳ್ತಿ?” ಎಂದು ಹವಲ್ದಾರನನ್ನೇ ಕೇಳಿದರು.

“ಬೊಗಳಿದ್ರ ಅವ್ವ ಮಷೀನ್ ಬಿಟ್ಟು ಎದ್ದು ಬರ್ತಾಳ್ರಿ,” ಎಂದಿತು ನಾಯಿ, ಒಡೆದ ದನಿಯಲ್ಲಿ. “ಇಲ್ಲಾಂದ್ರ ನನ್ನ ಜೋಡಿ ಮಾತಽ ಆಡೂದಿಲ್ಲ.”

ಕಸ್ತೂರೆವ್ವ ಸೆರಗು ಸರಿಮಾಡಿಕೊಳ್ಳುತ್ತ ಗೋಡೆ ನೋಡಿದಳು.

ಡಾಕ್ಟರು ಔಷಧ ಬರೆದುಕೊಟ್ಟು ಅವಳಿಗೆ ಹೇಳಿದರು: “ಎಂಟು ದಿನ ಇವ ಬೊಗಳಬಾರದು, ಮಾತೂ ಆಡಬಾರದು. ನೀವು ಇವನ ಜೋಡಿ ಮಾತಾಡ್ರಿ.”

ಏನು ಮಾತಾಡುವುದೆಂದು ತಿಳಿಯದೆ ಅವಳು ಹೊಲಿಯುತ್ತಲೇ ಗಿರಾಕಿಗಳ ಮನೆಯ ಸುದ್ದಿ ಹೇಳತೊಡಗಿದಳು. ಅತ್ತೆಯ ಮೇಲೆ ಮುನಿದು ಬಟ್ಟೆ ಗಂಟು ಕಟ್ಟಿದ ಸೊಸೆಯ ಕಥೆ ಬಂದಾಗ ಹವಲ್ದಾರ ಕಣ್ಣು ಮುಚ್ಚಿ ಮಲಗಿತ್ತು. “ಕೇಳೂದಿಲ್ಲಂದ್ರ ಬಿಡು,” ಎಂದು ಸಿಟ್ಟಾಗಿ ಅಲ್ಲಿಗೇ ನಿಲ್ಲಿಸಿದಳು.

ಒಂಬತ್ತನೆಯ ದಿನ ಗೇಟಿಗೆ ಪೋಸ್ಟ್‌ಮ್ಯಾನ್ ಬಂದ. ಹವಲ್ದಾರ ಅತ್ತ ತಿರುಗಿಯೂ ನೋಡದೆ ನೆಟ್ಟಗೆ ಒಳಗೆ ಬಂದು, ಅವಳ ಕಾಲ ಬಳಿ ಕುಳಿತು ಕೇಳಿತು:

“ಅವ್ವಾ, ಆ ಸೊಸಿ ಕಡೀಕ ತವರಿಗೆ ಹೋದ್ಲೋ ಇಲ್ಲೋ?”