ಗುಂಡು ಕೂರಿಸಿದ ಒರಳು

"ಅಷ್ಟು ದೊಡ್ಡೂರ್ನ ಮೊದ್ಲು ಬುಟ್ಟೋದೋರು ಯಾರು ಅಂತ ಬರ್ದಿಲ್ವೇನವ್ವ ನಿಮ್ ಪುಸ್ತಕ್ದಲ್ಲಿ?"

ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಬಸಮ್ಮ ಹೀಗೆ ಕೇಳಿದಾಗ ಸೊಸೆಯ ಕೆಂಪು ಪೆನ್ನು ನಿಂತಿತು. ಸೊಸೆ ಪುಷ್ಪ ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಸಮಾಜ ಪಾಠದ ಮೇಡಂ. ಸಿಂಧೂ ಬಯಲಿನ ನಾಗರಿಕತೆ ಏಕೆ ಅಳಿಯಿತು ಎಂಬ ಪ್ರಶ್ನೆಗೆ ಎಂಟನೇ ಕ್ಲಾಸಿನ ಮಕ್ಕಳು ಬರೆದದ್ದನ್ನು ತಿದ್ದುತ್ತಾ, ತಮಾಷೆಗೆಂದು ಅತ್ತೆಗೂ ಓದಿ ಹೇಳುತ್ತಿದ್ದಳು. ಒಬ್ಬ ಪ್ರವಾಹ ಎಂದಿದ್ದ, ಒಬ್ಬಳು ನದಿಯೇ ದಿಕ್ಕು ಬದಲಿಸಿತು ಎಂದಿದ್ದಳು. ಮಳೆ ಕೈಕೊಟ್ಟಿತು, ರೋಗ ಬಂತು, ಹೊರಗಿನವರು ದಂಡೆತ್ತಿ ಬಂದರು ಎಂದವರೂ ಇದ್ದರು. ಯಾವುದಕ್ಕೂ ಇರಲಿ ಎಂದು ಐದನ್ನೂ ಬರೆದ ಜಾಣನೊಬ್ಬನಿದ್ದ. ವಿದ್ವಾಂಸರಲ್ಲೇ ಒಮ್ಮತವಿಲ್ಲ, ಮೊದಲು ಬಿಟ್ಟವರು ಯಾರೆಂದು ಯಾರಿಗೆ ಗೊತ್ತು ಎಂದಳು ಪುಷ್ಪ.

"ಪುಣ್ಯವಂತ್ರು," ಎಂದು ಮುದುಕಿ ಮಡಿಲಿನ ಸಿಪ್ಪೆ ಕೊಡವಿದಳು.

ಪುಷ್ಪಳಿಗೆ ಅರ್ಥವಾಯಿತು. ರಾಮಾಪುರದಾಚೆ ಕಾಡಂಚಿನ ತೊರೆಯ ದಡದಲ್ಲಿ ಕಗ್ಗಲಿಹಟ್ಟಿ ಎಂಬ ಮೂವತ್ತೆರಡು ಮನೆಗಳ ಊರಿತ್ತು. ಅಲ್ಲಿಂದ ಮೊದಲು ಹೊರಬಿದ್ದವಳು ದೊಡ್ಡಬಸಮ್ಮ. ಕೈಗೂಸಿಗೆ ಬಿಡದ ಜ್ವರ. ಒಂದು ತಿಂಗಳು ಆಸ್ಪತ್ರೆಯ ಹತ್ತಿರವಿದ್ದು ಬರೋಣವೆಂದು ಕೊಳ್ಳೇಗಾಲಕ್ಕೆ ಬಂದವರು, ಗಂಡನಿಗೆ ರೇಷ್ಮೆ ಮಗ್ಗದ ಕೆಲಸ ಸಿಕ್ಕಿ ಇಲ್ಲೇ ನಿಂತುಬಿಟ್ಟರು. ಮರುವರ್ಷ ಎರಡು ಮನೆ ಖಾಲಿಯಾದವು, ಅದರ ಮರುವರ್ಷ ಐದು. ಒಬ್ಬರಿಗೆ ಆನೆ ಕಾಟ, ಒಬ್ಬರಿಗೆ ಮಗಳ ಬಾಣಂತನ, ಇನ್ನೊಬ್ಬರಿಗೆ ಪಕ್ಕದ ಮನೆಯವರು ಹೋದರೆಂಬ ಬೇಸರ. ಕೊನೆಗೆ ಉಳಿದವನು ಚೆನ್ನಯ್ಯ. ಅವನೂ ರಾಮಾಪುರ ಸೇರಿದ ಮೇಲೆ ಊರು ಹಾಳಾದದ್ದಕ್ಕೆ ಕಾರಣ ಹುಡುಕಿದ. ವಿದ್ವಾಂಸರಷ್ಟು ಕಷ್ಟಪಡಲಿಲ್ಲ. ದೊಡ್ಡಬಸಮ್ಮ ಒರಳು ಬರಿದು ಬಿಟ್ಟು ಹೋದಳು, ಅದಕ್ಕೇ ಊರೂ ಬರಿದಾಯಿತು ಎಂದು ಮದುವೆಮನೆಯಲ್ಲಿ ನಾಲ್ಕು ಜನರೆದುರು ಹೇಳಿಬಿಟ್ಟ. ಬೀಗ ಹಾಕಿದ ಮನೆಯೊಳಗಿನ ಒರಳು ಅವನಿಗೆ ಹೇಗೆ ಕಂಡಿತೆಂದು ಯಾರೂ ಕೇಳಲಿಲ್ಲ.

ಆ ಊರಲ್ಲಿ ಹಾಗೊಂದು ಪದ್ಧತಿ. ನಾಲ್ಕು ದಿನಕ್ಕೆಂದು ಮನೆ ಬಿಡುವವರು ಒರಳಿಗೆ ಹಿಡಿ ಹುರುಳಿ, ಅವರ ಬಾಯಲ್ಲಿ ಉಳ್ಳಿ, ಹಾಕಿ, ಅದರ ಮೇಲೆ ಗುಂಡುಕಲ್ಲು ಕೂರಿಸಿ ಹೋಗಬೇಕು. ಗುಂಡನ್ನು ಪಕ್ಕಕ್ಕೆ ಉರುಳಿಸಿ ಹೋದರೆ ಮತ್ತೆ ಬರುವುದಿಲ್ಲವೆಂದು ಅರ್ಥ. ತಾನು ಕೂರಿಸಿಯೇ ಬಂದೆನೆಂದು ದೊಡ್ಡಬಸಮ್ಮ ಮೊದಮೊದಲು ಜಗಳವಾಡಿದ್ದಳು. ಊರು ಬಿಟ್ಟು ನಲವತ್ತೈದು ವರ್ಷವಾಗಿತ್ತು; ಅದೇ ಮಾತು ಕೇಳಿ ಕೇಳಿ ಈಚೆಗೆ ಅವಳಿಗೇ ಅನುಮಾನ. ಜ್ವರದ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಹೊರಟ ಗಡಿಬಿಡಿ ಅದು. ಒಂದು ಸಲ ಕಣ್ಣಾರೆ ನೋಡಿಬಿಡಬೇಕು, ಕರೆದುಕೊಂಡು ಹೋಗು ಎಂದು ಆ ದಿನ ಸೊಸೆಯ ಕೈ ಹಿಡಿದಳು.

ಭಾನುವಾರ ರಾಮಾಪುರದವರೆಗೆ ಬಸ್ಸು, ಆಮೇಲೆ ಆಟೊ, ಕೊನೆಗೆ ಕಾಲ್ನಡಿಗೆ. ಗೋಡೆಗಳೆಲ್ಲ ಮಣ್ಣುದಿಬ್ಬಗಳಾಗಿದ್ದವು. ಆದರೆ ದೊಡ್ಡಬಸಮ್ಮನಿಗೆ ಬೀದಿಯ ತಿರುವೊಂದೂ ಮರೆತಿರಲಿಲ್ಲ. ನೆಲದಲ್ಲಿ ಹೂತ ಒರಳುಗಳನ್ನು ನೋಡಿಯೇ ಮನೆಗಳ ಗುರುತು ಹೇಳಿದಳು. ಅಂಚು ಒಡೆದದ್ದು ಗೋವಿಂದಮ್ಮನದು, ಅವಳು ಹುಚ್ಚೆಳ್ಳು ಚಟ್ನಿ ಅರೆದರೆ ತೊರೆಯವರೆಗೂ ವಾಸನೆ ಬರುತ್ತಿತ್ತು. ಆಳವಾದದ್ದು ಚಾಮುಂಡಮ್ಮನದು, ಹಬ್ಬಕ್ಕೆ ಬೀದಿಯವರೆಲ್ಲ ಅಲ್ಲೇ ಸಾಲು ನಿಲ್ಲುತ್ತಿದ್ದರು. ಹೇಳುತ್ತಾ ಅವಳ ಮುಖ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಎಲ್ಲ ಒರಳುಗಳಲ್ಲೂ ಗುಂಡು ಕೂತೇ ಇತ್ತು. ಅದನ್ನು ಕಂಡಂತೆಲ್ಲ, ತನ್ನದೊಂದೇ ಬರಿದಾಗಿದ್ದರೆ ಎಂಬ ಅಳುಕು ಅವಳಿಗೆ ಹೆಚ್ಚಾಯಿತು.

ಈಗಲೂ ರಾಮಾಪುರದಿಂದ ಇಲ್ಲಿಗೇ ಆಡು ಹೊಡೆದುಕೊಂಡು ಬರುತ್ತಿದ್ದ ಚೆನ್ನಯ್ಯ ಹುಣಸೆಮರದಡಿ ಕೂತಿದ್ದ; ಗುರುತು ಹಿಡಿದರೂ ಏಳಲಿಲ್ಲ. ಅವಳ ಮನೆಯ ಜಾಗವನ್ನು ಲಂಟಾನ ಮುಚ್ಚಿರುವುದನ್ನು ನೋಡಿ ಎದ್ದು ಬಂದ. ಸಹಾಯಕ್ಕೋ, ತನ್ನ ಮಾತು ನಿಜವೆಂದು ತೋರಿಸುವುದಕ್ಕೋ, ಮಚ್ಚಿನಿಂದ ಪೊದೆ ಸವರಿ ಮಣ್ಣು ಕೆದಕಿದ. ಮಚ್ಚಿನ ತುದಿ ಕಲ್ಲಿಗೆ ತಾಗಿತು. ಮೂವರೂ ಬಗ್ಗಿದರು. ಒರಳಿನ ಬಾಯಿಯಲ್ಲಿ ಗುಂಡು ನೆಟ್ಟಗೆ ಕೂತಿತ್ತು. ಚೆನ್ನಯ್ಯ ಅದನ್ನು ಒಂದಿಷ್ಟು ಓರೆ ಮಾಡಿ, ಅಡಿಗೆ ಬೆರಳು ತೂರಿಸಿ, ಬೆರಳನ್ನೇ ನೋಡುತ್ತಾ ನಿಂತ.

"ಉಳ್ಳಿ ಮಣ್ಣಾಗೋಗದೆ," ಎಂದ.

ದೊಡ್ಡಬಸಮ್ಮ ಅಲ್ಲೇ ಕುಸಿದು ಕೂತು ಅತ್ತಳು. ನಲವತ್ತೈದು ವರ್ಷದ ಅಳು, ಸೊಸೆ ತಡೆಯಲಿಲ್ಲ. ಆಮೇಲೆ ಸೆರಗಿನಿಂದ ಒರಳು ಒರೆಸಿ, ಬುತ್ತಿಯ ಜೊತೆ ಚೀಲದಲ್ಲಿ ತಂದಿದ್ದ ಹುರುಳಿಯನ್ನು ಒಂದು ಹಿಡಿ ಸುರಿದು, ಗುಂಡನ್ನು ಮೊದಲಿದ್ದಂತೆಯೇ ಕೂರಿಸಿದಳು. ನಲವತ್ತೈದು ವರ್ಷದ ಹಿಂದೆ ಅವಳು ಕೂಸೆತ್ತಿಕೊಂಡು ಹೊರಟಾಗ ಚೆನ್ನಯ್ಯ ಹೋಗಿ ಬಾ ಎನ್ನದೆ ಮುಖ ತಿರುಗಿಸಿ ನಿಂತಿದ್ದವನು.

"ಓಗ್ಬತ್ತೀನಿ ಕಣಣ್ಣ," ಎಂದಳು ದೊಡ್ಡಬಸಮ್ಮ.

"ಓಗ್ಬಾ ತಾಯಿ," ಎಂದ ಈಗ.

ಬಸ್ಸು ಹನೂರು ದಾಟುವವರೆಗೂ ಮುದುಕಿ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ಸೊಸೆಯ ಮೊಣಕೈ ತಿವಿದಳು.

"ಆ ನಿನ್ ಸಿಂಧೂನೋರು ಅರೆಯೋ ಕಲ್ಲ ತಕಂಡೋಗಿದ್ರಾ, ಬುಟ್ಟೋಗಿದ್ರಾ?"

"ಬಿಟ್ಟೋಗಿದ್ರು ಅತ್ತೆ. ನೆಲ ಅಗೆದಾಗ ಮನೆಗಳಲ್ಲೇ ಸಿಕ್ಕವೆ."

"ಅಂಗಾದ್ರೆ ಅವ್ರು ಊರ್ ಬುಟ್ಟೋರಲ್ಲ ಕಣವ್ವ," ಎಂದಳು ದೊಡ್ಡಬಸಮ್ಮ. "ಓಗ್ಬತ್ತೀವಿ ಅಂತ ಓದೋರು."